ಬರೆಯದೆ ಬಿಟ್ಟ ಅಂತರ

ಕಣ್ಣುಗುಡ್ಡೆ ಎಷ್ಟು ಮುಂದೆ ಬಂದಿದೆ ಎಂದು ಅಳೆಯುವ ಒಂದು ಉಪಕರಣವಿದೆ. ಅದರ ಇಂಗ್ಲಿಷ್ ಹೆಸರು ಉದ್ದ, ಬಾಯಿಗೆ ಒಗ್ಗುವುದಿಲ್ಲ. ಬಾಗಲಕೋಟೆಯ ನವನಗರದಲ್ಲಿ ನಾನು ಕೆಲಸ ಮಾಡುವ ಕಣ್ಣಿನ ದವಾಖಾನೆಯಲ್ಲಿ ನಾವೆಲ್ಲ ಅದಕ್ಕೆ ಕನ್ನಡಿಪಟ್ಟಿ ಎನ್ನುತ್ತೇವೆ. ಒಂದು ಗೇಣಿನಷ್ಟು ಉದ್ದದ ಪಟ್ಟಿ, ಅದರ ಎರಡೂ ತುದಿಗೆ ಒಂದೊಂದು ಸಣ್ಣ ಕನ್ನಡಿ, ಕನ್ನಡಿಯ ಪಕ್ಕಕ್ಕೆ ಒಂದೊಂದು ಕಾಲು. ಕಣ್ಣಿನ ಹೊರಗಡೆ, ಕಿವಿಯ ದಿಕ್ಕಿಗೆ ಬೆರಳಿಟ್ಟು ಒತ್ತಿದರೆ ಗಟ್ಟಿಯಾದ ಎಲುಬು ಸಿಗುತ್ತದೆ. ಎಡಬಲದ ಆ ಎಲುಬುಗಳ ಮೇಲೆ ಪಟ್ಟಿಯ ಎರಡು ಕಾಲುಗಳನ್ನು ಊರಬೇಕು. ಆಗ ಎದುರಿಗೆ ಕೂತವರಿಗೆ ಕನ್ನಡಿಯೊಳಗೆ ಕಣ್ಣು ಪಕ್ಕದಿಂದ ಕಾಣುತ್ತದೆ, ಜೊತೆಗೆ ಮಿಲಿಮೀಟರ್ ಗೆರೆಗಳೂ ಕಾಣುತ್ತವೆ. ಕಣ್ಣಿನ ಮುಂತುದಿ ಯಾವ ಗೆರೆಯ ಮೇಲಿದೆಯೋ ಅದೇ ಅಳತೆ.

ಎಲ್ಲರ ಮುಖ ಒಂದೇ ಅಗಲ ಇರುವುದಿಲ್ಲವಲ್ಲ. ಅದಕ್ಕಾಗಿ ಒಂದು ಕಾಲನ್ನು ಆಚೆ ಈಚೆ ಸರಿಸಲು ಬರುತ್ತದೆ. ಎರಡು ಕಾಲುಗಳ ನಡುವೆ ಎಷ್ಟು ಅಂತರ ಇಟ್ಟೆವು ಎಂಬುದನ್ನು ಪಟ್ಟಿಯ ಮೇಲಿನ ಅಂಕಿ ನೋಡಿ ಬರೆದಿಡಬೇಕು. ಮುಂದಿನ ಸಲ ಅದೇ ವ್ಯಕ್ತಿ ಬಂದಾಗ ಅಷ್ಟೇ ಅಂತರ ಇಟ್ಟು ಅಳೆಯಬೇಕು. ಇಲ್ಲದಿದ್ದರೆ ಎರಡು ಅಳತೆಗಳನ್ನು ಪಕ್ಕಪಕ್ಕ ಇಟ್ಟು ನೋಡುವುದರಲ್ಲಿ ಅರ್ಥವಿಲ್ಲ. ಇದನ್ನು ನನಗೆ ಕಲಿಸಿದ್ದರು. ನನ್ನ ನಂತರ ಕೆಲಸಕ್ಕೆ ಸೇರಿದವರಿಗೆ ನಾನೂ ಕಲಿಸಿದ್ದೆ. ಒಂದು ಸಲ ನಾನೇ ಹಾಗೆ ಮಾಡಲಿಲ್ಲ. ಅದನ್ನು ನೆನಪಿದ್ದಷ್ಟು ಬರೆಯುತ್ತಿದ್ದೇನೆ. ಖಾತ್ರಿ ಇಲ್ಲದ ಕಡೆ ಇಲ್ಲ ಎಂದೇ ಹೇಳುತ್ತೇನೆ.

ಇಳಕಲ್ಲಿನ ಆ ಹೆಣ್ಣುಮಗಳು ಮೊದಲ ಸಲ ನವನಗರಕ್ಕೆ ಬಂದಾಗ ದೀಪಾವಳಿ ಮುಗಿದಿತ್ತು. ವಯಸ್ಸು ನಲವತ್ತೈದರ ಆಸುಪಾಸು. ಥೈರಾಯ್ಡ್ ಇತ್ತು, ಗುಳಿಗೆ ನಡೆದಿತ್ತು. ಕಣ್ಣೆರಡೂ ಉಬ್ಬಿ, ರೆಪ್ಪೆ ಮೇಲೆ ಹೋಗಿ, ಸುಮ್ಮನೆ ನೋಡಿದರೂ ದಿಟ್ಟಿಸಿ ನೋಡಿದ ಹಾಗೆ ಕಾಣುತ್ತಿತ್ತು. ಮನೆಯಲ್ಲಿ ಮಗ್ಗ ಇತ್ತು. ಆಕೆಯದು ಕೊಂಡಿ ಹಾಕುವ ಕೆಲಸ. ಇಳಕಲ್ ಸೀರೆಯ ಮೈಯ ಹಾಸು, ಅಂದರೆ ಉದ್ದಕ್ಕೆ ಹಾಯುವ ಎಳೆಗಳು, ಬೇರೆ, ಸೆರಗಿನ ಕೆಂಪು ರೇಷ್ಮೆಯ ಹಾಸು ಬೇರೆ. ಈ ಹಾಸಿನ ಒಂದೊಂದು ಎಳೆಯನ್ನು ಆ ಹಾಸಿನ ಒಂದೊಂದು ಎಳೆಗೆ ಕುಣಿಕೆ ಹಾಕಿ ಜೋಡಿಸುವುದೇ ಕೊಂಡಿ. ಜೊತೆಗೆ ಬಂದಿದ್ದವರು ಆಕೆಯ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ. ಮಾತೆಲ್ಲ ಅವರದೇ.

“ಇಕಿ ನೋಡಿದ್ರ ಜನಾ ಹೆದರ್ತಾರ್ರೀ ಮೇಡಮ್ಮಾರ,” ಎಂದರು ನೆಗೆಣ್ಣಿ. “ಮೊನ್ನೆ ಹಾಲಿನಾಂವ ಬಂದಿದ್ದ. ಇಕಿ ಬರೇ ನೋಡ್ಯಾಳ, ಒಂದ್ ಮಾತ್ ಅಂದಿಲ್ಲ. ‘ಯಾಕ ಯಕ್ಕಾ, ನಾ ಏನ್ ನೀರ್ ಹಾಕೇನೇನು, ಹಂಗ್ಯಾಕ ನೋಡ್ತಿ’ ಅಂದ. ಅವತ್ತಿಂದ ಹಾಲು ಗಟ್ಟಿ ಬರಾಕತ್ತೇತಿ.”

“ಹಂಗಾರ ಕಣ್ಣು ಹಿಂಗ ಇರ್ಲಿ ಬಿಡಬೇ ಯಕ್ಕಾ,” ಎಂದಳು ಆಕೆ. ನಾವು ಮೂವರೂ ನಕ್ಕೆವು.

ಅಳೆದೆ. ಬಲಗಣ್ಣು ಇಪ್ಪತ್ತೊಂದು, ಎಡಗಣ್ಣು ಹತ್ತೊಂಬತ್ತು. ನಮ್ಮ ಕಾಗದದಲ್ಲಿ ಬಲಕ್ಕೊಂದು ಎಡಕ್ಕೊಂದು, ಎರಡೇ ಖಾನೆಗಳು. ಅಂತರವನ್ನು ನಾನು ಸಾಮಾನ್ಯವಾಗಿ ಅವುಗಳ ಮೇಲೆ ಖಾಲಿ ಜಾಗದಲ್ಲಿ ಬರೆದು ಸುತ್ತ ಗೆರೆ ಹಾಕುತ್ತಿದ್ದೆ. ಅವತ್ತು ಬರೆಯಲಿಲ್ಲ. ಯಾಕೆ ಎಂದು ಆಮೇಲೆ ಬಹಳ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಗದ್ದಲವಿತ್ತು ಎಂದು ಹೇಳಬಹುದು. ಆದರೆ ಅವತ್ತು ಗದ್ದಲವಿತ್ತೋ ಇಲ್ಲವೋ ನನಗೆ ನೆನಪಿಲ್ಲ.

ನಮ್ಮ ಡಾಕ್ಟರಮ್ಮ, ನಾವು ಡಾಕ್ಟರ್ ಬಾಯಿ ಎನ್ನುವವರು, ಕಣ್ಣಿನ ಹಿಂದಿನ ನರ ನೋಡಿದರು, ಬಣ್ಣದ ಚುಕ್ಕಿಗಳ ನಡುವೆ ಅಂಕಿ ಅಡಗಿರುವ ಪುಸ್ತಕ ಓದಿಸಿದರು. ಎಲ್ಲ ಸರಿ ಇತ್ತು. ಥೈರಾಯ್ಡಿನಿಂದ ಕಣ್ಣಿನ ಹಿಂದೆ ಬಾವು ಬಂದಿದೆ, ಕಣ್ಣಿನ ಎಲುಬಿನ ಗೂಡು ಇದ್ದಷ್ಟೇ ಇರುತ್ತದೆ, ಹಾಗಾಗಿ ಗುಡ್ಡೆ ಮುಂದೆ ಬರುತ್ತದೆ ಎಂದು ತಿಳಿಸಿ ಹೇಳಿದರು. ಆರು ವಾರ ಬಿಟ್ಟು ಮತ್ತೆ ಅಳೆಯಬೇಕು; ಎರಡು ಮಿಲಿಮೀಟರ್ ಬೆಳೆದರೂ ಸುಮ್ಮನೆ ಕೂಡುವ ಹಾಗಿಲ್ಲ, ಹಿಂದಿನ ನರ ಒತ್ತಿದರೆ ದೃಷ್ಟಿಯೇ ಹೋಗಬಹುದು ಎಂದರು.

“ಎರಡ ಮಿಲಿಮೀಟರ್ ಅಂದ್ರ ಎಷ್ಟ್ರೀ?” ಎಂದು ನೆಗೆಣ್ಣಿ ಕೇಳಿದರು.

ಉತ್ತರ ಕೊಟ್ಟವಳು ಆಕೆಯೇ. ಉಟ್ಟ ಸೀರೆಯ ದಡಿಯಲ್ಲಿನ ಒಂದು ಸಣ್ಣ ಗೆರೆಯ ಮೇಲೆ ಉಗುರಿಟ್ಟು, “ಇಷ್ಟ ನೋಡಬೇ,” ಎಂದಳು. ಅದು ಸರಿಯಾಗಿಯೇ ಇತ್ತು.

ತಿಂಗಳಿಗೊಮ್ಮೆ ನಮ್ಮ ದವಾಖಾನೆಯವರು ಹುನಗುಂದದ ಒಂದು ಸಾಲೆಯಲ್ಲಿ ತಪಾಸಣೆ ಶಿಬಿರ ಮಾಡುತ್ತಾರೆ. ಇಳಕಲ್ಲಿಗೆ ಹುನಗುಂದ ಹತ್ತಿರ. ಬಾಗಲಕೋಟೆಗೆ ಬಂದು ಹೋಗಬೇಕೆಂದರೆ ಒಂದು ದಿನದ ಕೆಲಸ ಹೋಗುತ್ತದೆ. ಆರು ವಾರದ ಮೇಲೆ ಇಬ್ಬರೂ ಅಲ್ಲಿಗೇ ಬಂದರು. ನವನಗರದ ಕನ್ನಡಿಪಟ್ಟಿ ಹೊರಗೆ ಹೋಗುವುದಿಲ್ಲ. ಶಿಬಿರದ ಪೆಟ್ಟಿಗೆಯಲ್ಲಿ ಇನ್ನೊಂದು ಇರುತ್ತದೆ, ಹಳೆಯದು. ಅದನ್ನೇ ತೆಗೆದು, ಬೆರಳಿನಿಂದ ಎಲುಬು ಹುಡುಕಿ, ಕಾಲುಗಳನ್ನು ಊರಿ ನೋಡಿದೆ. ಇಪ್ಪತ್ತೊಂದು, ಹತ್ತೊಂಬತ್ತು. ಆಕೆ ತಂದಿದ್ದ ಕಾಗದ ಬಿಚ್ಚಿ ನೋಡಿದೆ. ಅದೇ ಇಪ್ಪತ್ತೊಂದು, ಅದೇ ಹತ್ತೊಂಬತ್ತು. ಎರಡು ಸಂಖ್ಯೆಗಳು ಹಾಗೆ ಹೊಂದಿಕೊಂಡರೆ ಅಳೆದವರಿಗೆ ಒಂದು ಸಂತೋಷ ಆಗುತ್ತದೆ. ನನಗೂ ಆಯಿತು.

“ಒಂದ್ ಗೆರಿನೂ ಬೆಳದಿಲ್ಲರೀ,” ಎಂದೆ. ಅದೇ ಮಾತು, ನನಗೆ ಚೆನ್ನಾಗಿ ನೆನಪಿದೆ.

ಅವತ್ತು ಬಂದಿದ್ದವರು ಹೊಸ ಡಾಕ್ಟರು. ಎದುರಿಗೆ ಮೋತಿಬಿಂದುವಿನವರ, ಕಣ್ಣಿಗೆ ಪೊರೆ ಬಂದವರ, ಸಾಲು ಬಾಗಿಲು ದಾಟಿ ಅಂಗಳಕ್ಕೆ ಹೋಗಿತ್ತು. ಬಣ್ಣದ ಪುಸ್ತಕ ನವನಗರದಲ್ಲೇ ಉಳಿದಿತ್ತು. “ಹಿಂದಿನ ಅಳತಿ ಎಷ್ಟಿತ್ತ್ರೀ?” ಎಂದು ಅವರು ಕೇಳಿದ್ದು ನನ್ನನ್ನೇ. “ಇಷ್ಟೇ ಸರ್,” ಎಂದೆ. ಮೂರು ತಿಂಗಳು ಬಿಟ್ಟು ಬರಲಿ ಎಂದು ಬರೆದರು. ಅವರನ್ನು ನಾನು ದೂರುವುದಿಲ್ಲ.

ಹೊರಡುವಾಗ ನೆಗೆಣ್ಣಿ ತಿರುಗಿ ನಿಂತರು. “ಕಣ್ಣ ನೆಟ್ಟಗದಾವ, ಬಾಯಿನ ನೆಟ್ಟಗಿಲ್ಲ ನೋಡ್ರಿ ಇಕಿದು. ನೂಲಿಗೆ ಬಣ್ಣಾ ಹಾಕ್ತಾನಲ್ರೀ, ಆ ಬಣ್ಣದಾಂವನ ಕೂಡ ಜಗಳಾ ತಗದಾಳ.”

“ಕೆಂಪು ಅಂತ ರೇಷ್ಮಿ ನೂಲಿನ ಲಡಿ ಕಳಿಸ್ಯಾನ,” ಎಂದಳು ಆಕೆ. “ಸುಟ್ಟ ಇಟ್ಟಂಗಿ ಹಂಗ ಕಾಣತೇತಿ. ನಾ ಯಾಕ ತಗೋಬೇಕು?”

“ಎರಡ ಸಲ ವಾಪಸ್ ಕಳಿಸ್ಯಾಳ್ರೀ. ಮೂರನೇ ಸಲ ಅಂವ ಅದ ಲಡಿ ಹೊಳ್ಳಿ ತಂದು ‘ಇದು ಬ್ಯಾರೆ ಐತ್ಬೇ’ ಅಂದ. ಅದೂ ಬ್ಯಾಡಂದ್ಲು. ಅಂವ ನಗಾಕತ್ತಾನ. ನಮಗೆಲ್ಲಾ ಕೆಂಪ ಕಾಣತೇತಿ, ಇಕಿಗೊಬ್ಬಾಕಿಗೆ ಇಟ್ಟಂಗಿ.”

“ಸೆರಗಿನ ಕೆಂಪು ನನಗ ಕಲಿಸಾಕ ಬರ್ತಿ ಏನಬೇ? ಅಂವ ಬಣ್ಣದಾಗ ಏನೋ ಕಳ್ಳಾಟ ಮಾಡಾಕತ್ತಾನ.”

ಮಗ್ಗದ ಮನೆಯಲ್ಲಿ ನೂಲಿನ ಬಣ್ಣ ಸರಿ ಕಾಣದಿದ್ದರೆ ಬಣ್ಣ ಹಾಕಿದವನ ಮೇಲೆ ಅನುಮಾನ ಪಡುತ್ತಾರೆ, ಇಲ್ಲವೆ ನೀರಿನ ಮೇಲೆ. ನೋಡುವವರ ಕಣ್ಣಿನ ಮೇಲೆ ಯಾರೂ ಅನುಮಾನ ಪಡುವುದಿಲ್ಲ. ಅವರಿಗೆ ಅದು ಹೊಳೆಯದಿದ್ದುದು ಸಹಜ. ನನಗೆ ಹೊಳೆಯಬೇಕಿತ್ತು. ಕಣ್ಣಿನ ನರ ಒತ್ತಿದರೆ ಎಲ್ಲಕ್ಕಿಂತ ಮೊದಲು ಕೆಂಪು ಮಂಕಾಗುತ್ತದೆ ಎಂದು ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಆ ಸಾಲೆಯ ಕೋಣೆಯಲ್ಲಿ ನಾನು ಅವರ ಜೊತೆ ನಕ್ಕೆ, ಮುಂದಿನವರನ್ನು ಕರೆದೆ. ಕೈಯಲ್ಲಿ ಒಳ್ಳೆಯ ಸಂಖ್ಯೆ ಇತ್ತು. ಅದರಿಂದ ಕಿವಿ ಮುಚ್ಚಿತ್ತು.

ಹನ್ನೆರಡು ದಿನಗಳ ಮೇಲೆ ಬಾದಾಮಿಯಲ್ಲಿ ಶಿಬಿರವಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಜನ ಕಡಿಮೆಯಾದರು. ಹೊಸದಾಗಿ ಕೆಲಸಕ್ಕೆ ಸೇರಿದ್ದ ಹುಡುಗಿ ಕನ್ನಡಿಪಟ್ಟಿ ಹಿಡಿಯುವುದನ್ನು ಕಲಿಸಿರಿ ಎಂದಳು. ನಮ್ಮ ವ್ಯಾನಿನ ಚಾಲಕರು ಬೇವೂರಿನವರು, ಹುಟ್ಟಿನಿಂದಲೇ ದೊಡ್ಡ ಕಣ್ಣು. ನವನಗರದಲ್ಲಿ ಹೊಸಬರಿಗೆ ಕಲಿಸುವಾಗಲೆಲ್ಲ ಅವರನ್ನೇ ಕೂರಿಸುತ್ತೇವೆ. ಹಾಗಾಗಿ ಅವರ ಅಳತೆ ನನಗೆ ಬಾಯಿಪಾಠ: ಅಂತರ ನೂರಾನಾಲ್ಕು, ಎರಡೂ ಕಣ್ಣು ಹದಿನೆಂಟು.

ಹುಡುಗಿ ಅಳೆದು ಹದಿನಾರು ಎಂದಳು. ತಪ್ಪು, ಮತ್ತೆ ನೋಡು ಎಂದೆ. ಮತ್ತೆ ಹದಿನಾರು. ನಾನೇ ಪಟ್ಟಿ ಇಸಿದುಕೊಂಡು ಕೂತೆ. ನನಗೂ ಹದಿನಾರು.

“ನವನಗರದಿಂದ ಬದಾಮಿಗೆ ಬರೂದ್ರಾಗ ಎರಡ ಗೆರಿ ಒಳಗ ಹೋದ್ವೇನ್ರೀ ಅಕ್ಕಾರ?” ಎಂದರು ಚಾಲಕರು. “ಹಂಗಾರ ಬನಶಂಕರಿತನಾ ಹೋಗಿ ಬಂದ್ರ ಪೂರಾ ಮುಚ್ಚಿಬಿಡತಾವ. ನಿಮ್ಮನ್ನ ಮನಿ ಮುಟ್ಸಾವ್ರು ಯಾರು?”

ಹುಡುಗಿ ನಕ್ಕಳು. ನನಗೆ ನಗು ಬರಲಿಲ್ಲ. ಅಂಕಿ ನೋಡಿ ನೂರಾನಾಲ್ಕಕ್ಕೆ ಇಟ್ಟು ಮತ್ತೆ ಅಳೆದೆ, ಅಳೆದ ಮೇಲೆ ಅಂಕಿಯನ್ನು ಮತ್ತೊಮ್ಮೆ ನೋಡಿದೆ. ತೊಂಬತ್ತೊಂಬತ್ತಕ್ಕೆ ಬಂದಿತ್ತು. ಕಾಲು ಬಿಗಿಯುವ ತಿರುಪು ಸವೆದಿತ್ತು. ಎಲುಬಿಗೆ ಒತ್ತಿದ ಕೂಡಲೇ ಆ ಕಾಲು ಸದ್ದಿಲ್ಲದೆ ಒಳಗೆ ಸರಿಯುತ್ತಿತ್ತು. ಕಾಲುಗಳು ಹತ್ತಿರ ಬಂದರೆ ಎಲುಬಿನ ಮುಂದಿನ ಅಂಚಿನ ಮೇಲೆ ಕೂಡುತ್ತವೆ. ಅಲ್ಲಿಂದ ಲೆಕ್ಕ ಹಿಡಿದರೆ ಕಣ್ಣು ಇದ್ದುದಕ್ಕಿಂತ ಹಿಂದೆ ಇದ್ದಂತೆ ತೋರುತ್ತದೆ. ಐದು ಸಲ ಅಳೆದು ಐದೂ ಸಂಖ್ಯೆ ಬರೆದೆ. ಹದಿನಾರು, ಹದಿನಾರು, ಹದಿನೇಳು, ಹದಿನಾರು, ಹದಿನಾರು. ಏರುಪೇರು ಇದ್ದಿದ್ದರೆ ನನಗೆ ಎಂದೋ ಅನುಮಾನ ಬರುತ್ತಿತ್ತು. ಅದು ಪ್ರತಿ ಸಲವೂ ಒಂದೇ ರೀತಿ ತಪ್ಪುತ್ತಿತ್ತು, ಹಾಗಾಗಿ ನಂಬಿಕೆ ಹುಟ್ಟಿಸುತ್ತಿತ್ತು.

ಹುನಗುಂದದಲ್ಲಿ ಇಪ್ಪತ್ತೊಂದು ತೋರಿಸಿದ್ದು ಇದೇ ಪಟ್ಟಿ. ಹಾಗಾದರೆ ಅದು ಇಪ್ಪತ್ಮೂರು ಇರಬಹುದು, ಇಪ್ಪತ್ನಾಲ್ಕೂ ಇರಬಹುದು. ಮೊದಲ ಸಲದ ಅಂತರ ಬರೆದಿದ್ದರೆ ಹುನಗುಂದದಲ್ಲಿ ಪಟ್ಟಿಯನ್ನು ಅದಕ್ಕೆ ಹೊಂದಿಸಲು ಹೋಗುತ್ತಿದ್ದೆ, ಕಾಲು ಜಾರುವುದು ಆಗಲೇ ಕಾಣುತ್ತಿತ್ತು. ಇಷ್ಟು ಯೋಚನೆ ಮುಗಿಯುವಷ್ಟರಲ್ಲಿ ಆ ಸುಟ್ಟ ಇಟ್ಟಂಗಿಯ ಮಾತು ನೆನಪಾಯಿತು. ಪಟ್ಟಿಯನ್ನು ಮೇಜಿನ ಮೇಲಿಟ್ಟೆ.

ಶಿಬಿರದ ದಾಖಲೆ ಪುಸ್ತಕದಲ್ಲಿ ನೆಗೆಣ್ಣಿಯವರ ಫೋನ್ ನಂಬರಿತ್ತು. ಹಚ್ಚಿದೆ. ಕೆಂಪು ಲಡಿ ಆಕೆಯ ಕೈಗೆ ಕೊಡಿ, ಒಂದೊಂದು ಕಣ್ಣು ಮುಚ್ಚಿ ನೋಡಲು ಹೇಳಿ ಎಂದೆ. ಹಿಂದೆ ಮಗ್ಗದ ಸದ್ದು ಇತ್ತು, ನಿಂತಿತು. ಸ್ವಲ್ಪ ಹೊತ್ತಿಗೆ ಆಕೆಯೇ ಫೋನಿಗೆ ಬಂದಳು.

“ಬಲಗಣ್ಣ ಮುಚ್ಚಿದ್ರ ಬಣ್ಣದಾಂವ ಖರೆ ಹೇಳ್ಯಾನ್ರೀ,” ಎಂದಳು. “ಎಡಗಣ್ಣ ಮುಚ್ಚಿದ್ರ ನಾ ಖರೆ ಹೇಳೇನಿ.”

ಅಲ್ಲಿಂದಲೇ ಡಾಕ್ಟರ್ ಬಾಯಿಯವರಿಗೆ ಎಲ್ಲವನ್ನೂ ಹೇಳಿದೆ. ನಾಳೆಯೇ ಕರೆಸಿ, ಒಂದು ದಿನವೂ ತಡ ಮಾಡಬೇಡಿ ಎಂದರು. ಇಳಕಲ್ಲಿಗೆ ಮತ್ತೆ ಫೋನ್ ಮಾಡಿದರೆ ಆಕೆ ಬರುವುದಿಲ್ಲ ಎಂದಳು. ಕೊಂಡಿ ಅರ್ಧಕ್ಕೆ ಬಂದಿದೆ, ಇನ್ನೂ ನಾಲ್ಕು ದಿನ ಬೇಕು, ಮುಗಿಸಿಯೇ ಬರುತ್ತೇನೆ ಎಂದು. ನೆಗೆಣ್ಣಿ ಫೋನ್ ಇಸಿದುಕೊಂಡು, “ನನ್ನ ಮಾತ್ ಕೇಳಂಗಿಲ್ರೀ ಇಕಿ, ನೀವ ಬಂದ್ ಹೇಳ್ರಿ,” ಎಂದರು. ಹಾಗೆ ಸುಮ್ಮನೆ ಅಂದರೋ, ನಿಜವಾಗಿ ಕರೆದರೋ ಗೊತ್ತಾಗಲಿಲ್ಲ. ಮರುದಿನ ಮುಂಜಾನೆ ಮೊದಲ ಬಸ್ಸಿಗೆ ನಾನು ಇಳಕಲ್ಲಿಗೆ ಹೋದೆ.

ಆಕೆ ಹಾಸಿನ ಮುಂದೆ ಕೂತಿದ್ದಳು. ಎಡಕ್ಕೆ ಬಾಗಿಲು. ಬೆಳಕು ಚುಚ್ಚುತ್ತದೆ ಎಂದು ಎಡಗಣ್ಣು ಮುಚ್ಚಿಕೊಂಡು, ಬಲಗಣ್ಣಿನಲ್ಲಿ ಎಳೆ ನೋಡುತ್ತಿದ್ದಳು. ಕೆಂಪು ಯಾಕೆ ಇಟ್ಟಂಗಿಯಾಯಿತು ಎಂಬುದು ಅದನ್ನು ನೋಡಿದ ಕೂಡಲೇ ತಿಳಿಯಿತು. ಬೆರಳುಗಳು ಮಾತ್ರ ನಿಲ್ಲುತ್ತಿರಲಿಲ್ಲ. ಕಣ್ಣಿಗಿಂತ ಬೆರಳೇ ಹೆಚ್ಚು ಕೆಲಸ ಮಾಡುತ್ತಿದ್ದವು ಎಂದು ಕಾಣುತ್ತದೆ.

“ಮುಗೀಲಿ ಬಿಡ್ರಿ ಮೇಡಮ್ಮಾರ,” ಎಂದಳು. “ನಮ್ಮನ್ಯಾಗ ಕೊಂಡಿ ಹಿಡದಾಕಿನ ಮುಗಸಬೇಕು. ನಡುವ ಕೈ ಬದಲಿ ಆದ್ರ ಬಿಗಿ ಬದಲಿ ಆಗತೇತಿ. ನೇಯುವಾಗ ಸೆರಗು ಒಂದ್ ಕಡೆ ಎಳಕೊಂತೇತಿ. ನಾಕ ದಿನಾ ಅಷ್ಟ. ನೀವ ಅಂದ್ರೆಲಾ, ಒಂದ್ ಗೆರಿನೂ ಬೆಳದಿಲ್ಲಂತ?”

ಬಸ್ಸಿನಲ್ಲಿ ಬೇರೆ ಬೇರೆ ಮಾತು ಜೋಡಿಸಿಕೊಂಡು ಬಂದಿದ್ದೆ. ಹೊಸ ತಪಾಸಣೆ ಮಾಡಬೇಕಿದೆ, ಡಾಕ್ಟರು ಕರೆದಿದ್ದಾರೆ, ಹೀಗೆ. ಆ ಪ್ರಶ್ನೆಯ ಮುಂದೆ ಅವು ಯಾವುವೂ ನಿಲ್ಲಲಿಲ್ಲ. ನೆಲದ ಮೇಲೆ ಆಕೆಯ ಪಕ್ಕ ಕೂತೆ.

“ಅದು ತಪ್ಪ ಹೇಳೇನ್ರೀ ನಾನು,” ಎಂದೆ. “ಮೊದಲಿನ ಸಲ ಅಳದ ಪಟ್ಟಿ ಬ್ಯಾರೆ, ಹುನಗುಂದದಾಗಿಂದು ಬ್ಯಾರೆ. ಅದರ ಕಾಲು ಒಳಗ ಜಾರತೇತಿ, ನಾ ನೋಡಲಿಲ್ಲ. ಮೊದಲ್ನೇ ಸಲ ಕಾಲಿನ ಅಂತರಾ ಬರದ ಇಡಬೇಕಿತ್ತು. ಬರದಿಲ್ಲ.”

“ಯಾಕ?”

“ಗೊತ್ತಿಲ್ಲರೀ. ಬಿಟ್ಟಬಿಟ್ಟೆ.”

ಆಕೆಯ ಬೆರಳು ನಿಂತವು. “ಹಂಗಾರ ಕಣ್ಣ ಬೆಳದಾವೋ ಇಲ್ಲೋ, ನಿಮಗೂ ಗೊತ್ತಿಲ್ಲ.”

“ಗೊತ್ತಿಲ್ಲ. ಬೆಳದಾವಂತ ನನಗ ಅಂಜಿಕಿ ಐತಿ. ನಾಕ ದಿನ ತಡಾ ಆದ್ರ ಬಲಗಣ್ಣ ಉಳೀತೇತೋ ಇಲ್ಲೋ, ಅದೂ ಹೇಳಾಕ ಬರಂಗಿಲ್ಲ.”

ಬಯ್ಯುತ್ತಾಳೆ ಎಂದುಕೊಂಡಿದ್ದೆ. ಬಯ್ಯಲಿಲ್ಲ. ಕೈಯಲ್ಲಿದ್ದ ಎಳೆಯ ಕುಣಿಕೆ ಮುಗಿಸಿದಳು. ಪಕ್ಕದಲ್ಲಿದ್ದ ಬಿಳಿ ನೂಲಿನ ತುಂಡೊಂದನ್ನು ಕೊನೆಯ ಎಳೆಗೆ ಕಟ್ಟಿ, ಎರಡು ಸಲ ಎಳೆದು ನೋಡಿದಳು.

“ಯಕ್ಕಾ, ನೀ ಕೂಡ ಬಾ,” ಎಂದಳು.

“ನನ್ನ ಕೈ ಬಿಗಿ ಅಂತ ನೀನ ಆಡ್ಕೋತಿದ್ದಿ,” ಎಂದರು ನೆಗೆಣ್ಣಿ.

“ಬಿಗಿನ ಐತಿ. ಇಲ್ಲೀತನಾ ನಂದು, ಇಲ್ಲಿಂದ ನಿಂದು. ನೇಯಾವ್ರು ಈ ಗುರುತ ನೋಡಿ ಸಂಬಾಳಿಸಲಿ. ನೀ ಮತ್ತ ಬಣ್ಣದಾಂವನ ಕಡೆ ಹೋಗಿ, ಇಕಿಗೆ ಕಣ್ಣ ಇರಲಿಲ್ಲಂತ ಹೇಳಿ ಬರಬ್ಯಾಡ. ನಾನ ಹೋಗಿ ಹೇಳ್ತೇನಿ.”

ನೆಗೆಣ್ಣಿ ಹಾಸಿನ ಮುಂದೆ ಕೂತರು. ಅವರ ಕಣ್ಣಲ್ಲಿ ನೀರಿತ್ತು, ಆದರೂ ಬಾಯಿ ಸುಮ್ಮನಿರಲಿಲ್ಲ: “ಜಗಳಾ ಮಾಡಾಕ ಜೋರ ಐತಿ, ಮಾಪಿ ಕೇಳಾಕೂ ಹಂಗ ಜೋರ ಇರಲಿ.” ಆಕೆಯ ಗಂಡ ಒಳಗಿನಿಂದ ಬಟ್ಟೆ ಚೀಲ ತಂದರು. ಆಕೆ, ಆಕೆಯ ಗಂಡ, ನಾನು, ಮೂವರೂ ಬಸ್ ಹಿಡಿದು ಬಾಗಲಕೋಟೆಗೆ ಬಂದೆವು.

ನವನಗರದ ಪಟ್ಟಿಯಲ್ಲಿ ಬಲಗಣ್ಣು ಇಪ್ಪತ್ನಾಲ್ಕು, ಎಡಗಣ್ಣು ಇಪ್ಪತ್ತೊಂದು ಬಂದಿತು. ಬಣ್ಣದ ಪುಸ್ತಕದಲ್ಲಿ ಬಲಗಣ್ಣಿಗೆ ಹೆಚ್ಚಿನ ಹಾಳೆಗಳು ಬರೀ ಚುಕ್ಕಿಗಳಾಗಿದ್ದವು. ನರ ಒತ್ತಿದೆ ಎಂದು ಡಾಕ್ಟರ್ ಬಾಯಿಯವರು ಅವತ್ತೇ ಹುಬ್ಬಳ್ಳಿಗೆ ಕಳಿಸಿದರು. ಅಲ್ಲಿ ಮೊದಲು ಇಂಜೆಕ್ಷನ್ ಕೊಟ್ಟರು, ಆಮೇಲೆ ಕಣ್ಣಿನ ಗೂಡಿನ ಎಲುಬು ಸ್ವಲ್ಪ ತೆಗೆದು ಒಳಗೆ ಜಾಗ ಮಾಡಿದರು.

ಆ ದಿನಗಳಲ್ಲಿ ಡಾಕ್ಟರ್ ಬಾಯಿಯವರನ್ನು ಒಮ್ಮೆ ಕೇಳಿದೆ, ಹುನಗುಂದದಲ್ಲೇ ಸರಿಯಾಗಿ ಅಳೆದಿದ್ದರೆ ಆಗಲೇ ಗೊತ್ತಾಗುತ್ತಿತ್ತೇ ಎಂದು. “ಗುಡ್ಡಿ ಮುಂದ ಬರದಿದ್ರೂ ನರ ಒತ್ತಬಹುದು. ಪಟ್ಟಿ ಒಂದನ್ನ ನಂಬಿ ಕೂಡೂದ ತಪ್ಪು, ಅದು ನಮ್ಮೆಲ್ಲರ ತಪ್ಪು,” ಎಂದರು. ಆಮೇಲೆ, “ಅಂತರಾ ಬರೀಲಾರದ್ದು ನಿಮ್ಮದು,” ಎಂದರು. ಈ ಎರಡು ಮಾತುಗಳಲ್ಲಿ ಒಂದನ್ನೇ ಹೇಳಿ ಇನ್ನೊಂದನ್ನು ಬಿಟ್ಟಿದ್ದರೆ ನನಗೆ ತಡೆಯಲು ಆಗುತ್ತಿರಲಿಲ್ಲ.

ಮೂರು ತಿಂಗಳ ಮೇಲೆ ಆಕೆ, ನೆಗೆಣ್ಣಿ ಇಬ್ಬರೂ ಮತ್ತೆ ನವನಗರಕ್ಕೆ ಬಂದರು. ಕಣ್ಣು ಎಷ್ಟೋ ಒಳಗೆ ಹೋಗಿದ್ದವು, ರೆಪ್ಪೆ ಇನ್ನೂ ಪೂರ್ತಿ ಕೂಡುತ್ತಿರಲಿಲ್ಲ. ಅಕ್ಷರದ ಫಲಕದ ಮುಂದೆ ಕೂರಿಸಿದೆ. ಎಡಗಣ್ಣಿನಲ್ಲಿ ಕೊನೆಯ ಸಾಲಿನವರೆಗೆ ಓದಿದಳು. ಬಲಗಣ್ಣಿನಲ್ಲಿ ಓದುತ್ತ ಬಂದು, ಕೊನೆಗೆ ಇನ್ನೂ ಮೂರು ಸಾಲು ಇರುವಾಗ ನಿಂತಳು.

“ಇನ್ನೊಮ್ಮೆ ನೋಡ್ರಿ,” ಎಂದೆ. ನನ್ನ ಸ್ವರದಲ್ಲಿ ಆಸೆ ಕೇಳಿಸಿರಬೇಕು.

“ಎಷ್ಟ ಸಲ ನೋಡಿದ್ರೂ ಅಷ್ಟರೀ,” ಎಂದಳು. “ಮುಂದಿನ ಸಾಲಿನ್ಯಾಗ ಎರಡ ಅಕ್ಷರಾ ಅಂದಾಜಿಲೆ ಹೇಳಬಹುದು. ಹೇಳಲೇನು?”

“ಬ್ಯಾಡ್ರಿ.”

ಕಂಡಷ್ಟನ್ನೇ ಬರೆದೆ. ನಾನು ಬರೆಯುವುದನ್ನು ಆಕೆ ನೋಡುತ್ತಿದ್ದಳು.

“ಇದಕ್ಕಿಂತ ಹೆಚ್ಚು ಬರತೇತೇನ್ರೀ?” ಎಂದು ಕೇಳಿದಳು.

“ಸ್ವಲ್ಪ ಬರಬಹುದು. ಪೂರಾ ಮೊದಲಿನಂಗ ಬರೂದಿಲ್ಲ.”

ಆಕೆ ಕೈಯಿಂದ ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು ಮುಚ್ಚಿ, ನನ್ನ ಮುಖವನ್ನು ನೋಡಿದಳು. ಯಾವ ಕಣ್ಣಿಗೆ ನಾನು ಎಷ್ಟು ಕಂಡೆನೋ ಗೊತ್ತಿಲ್ಲ.

“ಕೊಂಡಿ ಈಗ ದಿನಕ್ಕ ಎರಡ ತಾಸ ಹಾಕ್ತೇನಿ,” ಎಂದಳು. “ಮೂರನೇ ತಾಸಿಗೆ ಕಣ್ಣ ನೋಯ್ತಾವು. ಎರಡ ತಾಸರೇ ನಡೀತೇತಲ್ಲ.” ಕಾಗದ ಇಸಿದುಕೊಂಡು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡಳು. “ನಡಿಬೇ ಯಕ್ಕಾ, ಡಾಕ್ಟರ್ ಬಾಯಿ ಕರೀತಾರ.”